ವೇದನೆಯನ್ನರಿಯುವ ವಿದ್ಯೆ

‘ವೇದನೆ’ ಎಂಬ ಮಾತಿಗೂ ‘ವಿದ್ಯೆ’ ಎಂಬ ಮಾತಿಗೂ ಮೂಲ ಒಂದೇ. ಅರಿ ಎಂಬ ಅರ್ಥದ ‘ವಿದ್’ ಧಾತು. ನೋವು ಉಂಡವರಿಗಲ್ಲದೆ ಅನ್ಯರಿಗೆ ತಿಳಿಯದು. ಹಾಗಾದರೆ ಅದನ್ನು ತಣಿಸಬೇಕಾದ ವೈದ್ಯರೂ ದಾದಿಯರೂ ಅದನ್ನು ಅರಿಯುವ ಬಗೆ ಯಾವುದು? ರೋಗಿಯನ್ನೇ ಕೇಳುವುದು, ಹೇಳಿದುದನ್ನು ನಂಬುವುದು. ಕ್ಯಾನ್ಸರ್ ರೋಗಿಗಳ ಆರೈಕೆಗೆ ನಿಲ್ಲುವವರು ಕಲಿಯತಕ್ಕ ಮೊದಲ ಪಾಠವೇ ಇದು. ಸೊನ್ನೆಯಿಂದ ಹತ್ತರವರೆಗೆ ನೋವಿಗೆ ಅಂಕ ಕೊಡಿರೆಂದು ರೋಗಿಯನ್ನು ಕೇಳಿ, ನಾಡಿಯ ಬಡಿತದಂತೆಯೇ ಅದನ್ನೂ ಬರೆದಿಡಬೇಕು.

ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ಅವರು ಮೊದಲು ದಾದಿಯಾಗಿದ್ದು, ಅನಂತರ ವೈದ್ಯಶಾಸ್ತ್ರವನ್ನು ಓದಿದವರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಆರೈಕೆಯ ಮನೆಯನ್ನು ತೆರೆದು, ಅಲ್ಲಿಯೇ ಬೋಧನೆಯನ್ನೂ ನಡೆಸಿದರು. ದೇಹದ ನೋವಿಗೆ ಮನಸ್ಸಿನ ಅಳುಕು, ಸಂಸಾರದ ಚಿಂತೆಗಳೂ ಕೂಡಿಕೊಳ್ಳುತ್ತವೆಂದೂ, ನೋವು ಮರಳಿ ಕೆರಳುವುದಕ್ಕೆ ಮುನ್ನವೇ ಹೊತ್ತು ಹೊತ್ತಿಗೆ ಮದ್ದನ್ನು ಕೊಡಬೇಕೆಂದೂ ಅವರು ಕಲಿಸಿದರು.

1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಮೂರು ಮೆಟ್ಟಿಲುಗಳ ಕ್ರಮವೊಂದನ್ನು ಪ್ರಕಟಿಸಿತು. ಅಲ್ಪ ನೋವಿಗೆ ಪ್ಯಾರಾಸಿಟಮಾಲ್‌ನಂಥ ಮದ್ದು, ಅದಕ್ಕೆ ಮಿಕ್ಕಿದರೆ ಕೋಡೀನ್‌ನಂಥದು, ತೀವ್ರವಾದರೆ ಮಾರ್ಫಿನ್. ಇದು ಬೋಧನೆಗೆ ಅನುಕೂಲವಾದ ಸೂತ್ರವೇ ಹೊರತು, ನೋವು ತೀವ್ರವಾಗಿರುವಾಗಲೂ ಕೆಳಗಿನ ಮೆಟ್ಟಿಲಿನಿಂದಲೇ ಹತ್ತಬೇಕೆಂಬ ಕಟ್ಟಳೆಯಲ್ಲ.

ಮಾರ್ಫಿನ್ ಎಂದೊಡನೆ ಮನೆಯವರು ಬೆದರುತ್ತಾರೆ. ಕಲಿಯದ ದಾದಿಯೂ ಹಿಂಜರಿಯುತ್ತಾಳೆ. ನಡುವೆ ನರಳುವುದು ರೋಗಿ. ಕಲಿತವಳು ಬಲ್ಲಳು: ಸಣ್ಣ ಪ್ರಮಾಣದಿಂದ ತೊಡಗಿ, ಉಸಿರಾಟವನ್ನು ಗಮನಿಸುತ್ತ, ಹದವರಿತು ಏರಿಸಬೇಕು. ಮೊದಲ ದಿನಗಳ ಮಂಪರು ಸಾಮಾನ್ಯವಾಗಿ ತಗ್ಗುತ್ತದೆ. ಮಲಬದ್ಧತೆ ತಾನಾಗಿ ತಗ್ಗುವುದಿಲ್ಲ. ಆದುದರಿಂದ ಭೇದಿಯ ಮದ್ದನ್ನು ಮೊದಲಿನಿಂದಲೇ ಜೊತೆಗೆ ಕೊಡುತ್ತಾರೆ. ದೇಹವು ಮದ್ದಿಗೆ ಒಗ್ಗುವುದು ಬೇರೆ, ವ್ಯಸನ ಬೇರೆ. ಆದರೆ ಒಗ್ಗಿದ ಮದ್ದನ್ನು ಥಟ್ಟನೆ ನಿಲ್ಲಿಸದೆ, ವೈದ್ಯರು ಹೇಳಿದಂತೆ ಮೆಲ್ಲಮೆಲ್ಲನೆ ಇಳಿಸಬೇಕು.

ಮಾರ್ಫಿನ್ನಿಗೆ ಮೂಲವಾದ ಅಫೀಮನ್ನು ಸರ್ಕಾರದ ಅಪ್ಪಣೆಯಿಂದ ನಮ್ಮ ದೇಶದಲ್ಲಿಯೇ ಬೆಳೆಯುತ್ತಾರೆ. ಆದರೂ 1985ರ ಮಾದಕವಸ್ತು ಕಾಯಿದೆಯ ಬಿಗಿಯಿಂದಾಗಿ ಅದು ರೋಗಿಗಳ ಕೈಗೆ ಸಿಗುವುದೇ ದುರ್ಲಭವಾಯಿತು. 2014ರ ತಿದ್ದುಪಡಿಯು ಆ ಬಿಗಿಯನ್ನು ಸಡಿಲಿಸಿತು. ಆದರೆ ಬೀಗ ತೆರೆದ ಮಾತ್ರಕ್ಕೆ ಮದ್ದು ರೋಗಿಯ ಬಾಯಿಗೆ ಬೀಳುವುದಿಲ್ಲ. ಬರೆದುಕೊಡುವ ಕೈಯೂ ಕುಡಿಸುವ ಕೈಯೂ ಕಲಿತಿರಬೇಕು. 2019ರಲ್ಲಿ ಬಂದ ವೈದ್ಯ ಪದವಿಯ ಹೊಸ ಪಠ್ಯಕ್ರಮದಲ್ಲಿ ನೋವಿನ ಉಪಚಾರಕ್ಕೆ ಸ್ಥಳ ದೊರೆತಿದೆ. ಕೇರಳದ ಕೋಳಿಕೋಡಿನಲ್ಲಿ 1993ರಲ್ಲಿ ಮೊದಲಾದ ಕಾರ್ಯವು ಮನೆಮನೆಗೆ ಹೋಗಿ ಆರೈಕೆ ಮಾಡುವ ಪರಿಪಾಠವನ್ನು ಬೆಳೆಸಿತು. ಬೆಂಗಳೂರಿನ ಕರುಣಾಶ್ರಯವು ಗುಣವಾಗದ ಹಂತ ಮುಟ್ಟಿದ ಕ್ಯಾನ್ಸರ್ ರೋಗಿಗಳಿಗೆ ನೆರಳಾಗಿದೆ.

ವಾಚಕರೇ, ನಿಮ್ಮ ಮನೆಯಲ್ಲಿ ಇಂಥ ರೋಗಿಯಿದ್ದರೆ, ‘ಸ್ವಲ್ಪ ತಡೆದುಕೊಳ್ಳಿ’ ಎನ್ನಬೇಡಿರಿ. ನೋವು ಎಲ್ಲಿ, ಎಷ್ಟು, ಯಾವ ಹೊತ್ತಿನಲ್ಲಿ ಎಂದು ಕೇಳಿ ಬರೆದಿಡಿರಿ. ದಾದಿ ಬಂದಾಗ ಆ ಚೀಟಿಯನ್ನು ಅವಳ ಕೈಗೆ ಕೊಡಿರಿ. ರೋಗ ಗುಣವಾಗದಿದ್ದರೂ ನೋವನ್ನು ಬಹುಮಟ್ಟಿಗೆ ತಗ್ಗಿಸಬಹುದು. ರಾತ್ರಿ ನಿದ್ದೆ ಬಂದು, ಮಕ್ಕಳೊಡನೆ ನಾಲ್ಕು ಮಾತಾಡುವಷ್ಟು ನೆಮ್ಮದಿ ದೊರೆತರೆ ರೋಗಿಗೆ ಅದೇನು ಸಣ್ಣ ಲಾಭವಲ್ಲ.