ಮೊದಲ ಧಾರೆಯನ್ನು ಚೆಲ್ಲುವವರು ಯಾರು?

ಚಿತ್ರದುರ್ಗ ಸೀಮೆಯ ಹೊಲದ ಬದುಗಳಲ್ಲಿ, ಕುರುಚಲು ಕಾಡಿನ ಅಂಚಿನಲ್ಲಿ ಬಿಳಿಜಾಲಿ ಬೆಳೆಯುತ್ತದೆ. ಮಳೆ ಕೈಕೊಟ್ಟರೂ ಸಾಯದ ಮರ. ಕುರಿ, ಮೇಕೆಗಳಿಗೆ ಅದರ ಕಾಯಿ ಬೇಕು, ಭಟ್ಟಿ ಇಳಿಸುವವರಿಗೆ ಅದರ ತೊಗಟೆ. ಇಂಗ್ಲಿಷಿನಲ್ಲಿ ಈ ಮರಕ್ಕೆ ಸಾರಾಯಿ ಕಾಯಿಸುವವರ ಜಾಲಿ ಎಂಬ ಹೆಸರೂ ಇದೆ. ಬೆಲ್ಲದ ನೀರಿಗೆ ಜಾಲಿ ಚಕ್ಕೆ ಹಾಕುವುದು ಬರಿಯ ರೂಢಿಯಲ್ಲ. ತೊಗಟೆಯಲ್ಲಿರುವ ಒಗರು, ಅಂದರೆ ಟ್ಯಾನಿನ್, ದ್ರವದಲ್ಲಿ ತೇಲುವ ಪ್ರೋಟೀನಿನ ಅಂಶಗಳನ್ನು ಹಿಡಿದು ತಳಕ್ಕಿಳಿಸುತ್ತದೆ. ಈ ರಸಾಯನಶಾಸ್ತ್ರ ಯಾರೂ ಹೇಳಿಕೊಡದೆ ನಮ್ಮ ಬಯಲುಸೀಮೆಯ ಜನರಿಗೆ ತಿಳಿದಿತ್ತು.

ಅಮೆರಿಕದ ಅಪಲೇಷಿಯನ್ ಬೆಟ್ಟಗಳಲ್ಲಿ ರಾತ್ರಿ ಹೊತ್ತು ಕದ್ದು ಕಾಯಿಸುತ್ತಿದ್ದ ಮುಸುಕಿನ ಜೋಳದ ಮದ್ಯಕ್ಕೆ ಮೂನ್‌ಶೈನ್ ಎನ್ನುತ್ತಾರೆ. ಟೆನೆಸೀ ರಾಜ್ಯ 2009ರಲ್ಲಿ ಕಾನೂನು ಸಡಿಲಿಸಿತು. ಮರುವರ್ಷವೇ ಗ್ಯಾಟ್ಲಿನ್‌ಬರ್ಗ್ ಪಟ್ಟಣದಲ್ಲಿ ಓಲ್ ಸ್ಮೋಕಿ ಎಂಬ ಕಂಪನಿ ಅದನ್ನು ಉಪ್ಪಿನಕಾಯಿ ಜಾಡಿಗಳಲ್ಲಿ ತುಂಬಿ, ತೆರಿಗೆ ಕಟ್ಟಿ, ಪ್ರವಾಸಿಗರ ಕಣ್ಣೆದುರೇ ಮಾರತೊಡಗಿತು. ಗೋವಾದ ಗೋಡಂಬಿ ಫೆನಿಗೆ 2009ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಮಧ್ಯಪ್ರದೇಶದಲ್ಲಿ ಆದಿವಾಸಿಗಳ ಇಪ್ಪೆ ಹೂವಿನ ಮದ್ಯಕ್ಕೆ ಸರ್ಕಾರವೇ ಪಾರಂಪರಿಕ ಮದ್ಯವೆಂಬ ಮಾನ್ಯತೆ ಕೊಟ್ಟಿದೆ. ನಮ್ಮಲ್ಲಿ ಮಾತ್ರ ಹಳ್ಳಿಯಲ್ಲಿ ಕಾಯಿಸಿದ ಬೆಲ್ಲದ ಸಾರಾಯಿ ಇಂದಿಗೂ ಕಳ್ಳಭಟ್ಟಿ. ಅಬಕಾರಿ ದಾಳಿಯ ಸುದ್ದಿಯಲ್ಲಿ ಲೀಟರುಗಟ್ಟಲೆ ‘ಬೆಲ್ಲದ ಕೊಳೆ ನಾಶ’ ಎಂಬ ಒಂದು ಸಾಲಾಗಿ ಅದು ಮುಗಿದುಹೋಗುತ್ತದೆ.

ಆ ಕೊಳೆಯಲ್ಲಿ ನಡೆಯುವ ಕೆಲಸ ನಿಜಕ್ಕೂ ಬೆರಗಿನದು. ಬೆಲ್ಲ ಕರಗಿಸಿದ ನೀರಿಗೆ ಯೀಸ್ಟ್ ಸೇರಿದರೆ, ಆ ಕಣ್ಣಿಗೆ ಕಾಣದ ಜೀವಿ ಸಕ್ಕರೆಯನ್ನು ಎಥನಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ. ನೊರೆ ಏಳುತ್ತದೆ, ಮೂರ್ನಾಲ್ಕು ದಿನ ಮಡಕೆ ಗುಳುಗುಳು ಎನ್ನುತ್ತದೆ, ಆಮೇಲೆ ಸದ್ದು ಅಡಗುತ್ತದೆ. ಸೆಕೆ ಹೆಚ್ಚಾದರೆ ಯೀಸ್ಟ್ ಬಳಲುತ್ತದೆ, ಬ್ಯಾಕ್ಟೀರಿಯಾ ಮೇಲುಗೈ ಪಡೆದು ಎಲ್ಲವೂ ಹುಳಿಯಾಗುತ್ತದೆ. ಕ್ರಾಫ್ಟ್ ಡಿಸ್ಟಿಲರಿ ಎಂದು ಕರೆಸಿಕೊಳ್ಳುವ ಸಣ್ಣ ಕಾರ್ಖಾನೆಗಳಲ್ಲಿ ಇದೇ ಕೆಲಸ ಉಕ್ಕಿನ ತೊಟ್ಟಿಯಲ್ಲಿ, ಅಳತೆಯ ತಾಪಮಾನದಲ್ಲಿ ನಡೆಯುತ್ತದೆ. ಯೀಸ್ಟಿನ ತಳಿಯನ್ನು ಆರಿಸಿ ತಂದಿರುತ್ತಾರೆ. ಕಳ್ಳಭಟ್ಟಿಯವರು ಹುದುಗು ಬೇಗ ಏಳಲೆಂದು ನವಸಾಗರ ಸುರಿಯುತ್ತಾರೆ. ಕಾರ್ಖಾನೆಯಲ್ಲಿ ಸಮಯಕ್ಕೆ ಬೆಲೆಯಿದೆ, ಪೊದೆಯಲ್ಲಿ ಪೊಲೀಸರು ಬರುವ ಮುಂಚೆ ಮುಗಿಯಬೇಕು.

ಮುಂದಿನದು ಕಾಯಿಸುವುದು. ಎಥನಾಲ್ 78 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕುದಿಯುತ್ತದೆ, ನೀರು 100ಕ್ಕೆ. ಈ ಅಂತರದಲ್ಲೇ ಇಡೀ ಕಸುಬು ನಿಂತಿದೆ. ಅನ್ನದ ಪಾತ್ರೆಯ ಮುಚ್ಚಳದಡಿ ಬೆವರು ಕೂಡುವಂತೆ, ಮೇಲೆದ್ದ ಆವಿ ತಣ್ಣನೆಯ ಕೊಳವೆಯಲ್ಲಿ ಹನಿಯಾಗಿ ಇಳಿಯುತ್ತದೆ. ಒಳ್ಳೆಯ ಭಟ್ಟಿಗೆ ತಾಮ್ರವೇ ಬೇಕು. ಹುದುಗಿನಲ್ಲಿ ಹುಟ್ಟುವ ಗಂಧಕದ ದುರ್ವಾಸನೆಯನ್ನು ಆ ಲೋಹ ಹೀರಿಕೊಳ್ಳುತ್ತದೆ. ಪೊದೆಯ ಮರೆಯಲ್ಲಿ ಬಳಕೆಯಾಗುವುದು ಹಳೆಯ ಡಬ್ಬ, ಡ್ರಮ್ಮು, ಎಲ್ಲಿಂದಲೋ ಕಿತ್ತು ತಂದ ಪೈಪು.

ಕೊಳವೆಯಿಂದ ಮೊದಲು ಇಳಿಯುವ ಧಾರೆಯಲ್ಲಿ ಅಸಿಟಾಲ್ಡಿಹೈಡ್, ಈಥೈಲ್ ಅಸಿಟೇಟ್‌ನಂಥ ಘಾಟು ವಸ್ತುಗಳಿರುತ್ತವೆ. ಮೂಗಿಗೆ ಉಗುರು ಬಣ್ಣದ ವಾಸನೆ ಬಡಿಯುತ್ತದೆ. ಕಸುಬು ಬಲ್ಲವರು ‘ತಲೆ’ ಎನ್ನುವ ಈ ಭಾಗವನ್ನು ಬೇರೆ ತೆಗೆದಿಡುತ್ತಾರೆ. ಆಮೇಲೆ ಬರುವ ನಡುವಿನ ಭಾಗವೇ ಕುಡಿಯಲು ತಕ್ಕದ್ದು. ಕೊನೆಗೆ ಎಣ್ಣೆಯಂಥ, ಒದ್ದೆ ರಟ್ಟಿನ ವಾಸನೆಯ ಬಾಲ ಬರುತ್ತದೆ. ಎಲ್ಲಿ ಕತ್ತರಿಸಬೇಕು ಎಂಬುದನ್ನು ಮಾಪಕ ಸ್ವಲ್ಪ ಹೇಳುತ್ತದೆ, ಉಳಿದುದನ್ನು ಮೂಗು, ನಾಲಿಗೆಗಳೇ ಹೇಳಬೇಕು. ಕತ್ತರಿಸಿದಷ್ಟೂ ನಷ್ಟ. ತಲೆ, ಬಾಲಗಳನ್ನು ಬಿಟ್ಟುಕೊಡುವ ಮನಸ್ಸು ಇರುವವರಿಗಷ್ಟೇ ಒಳ್ಳೆಯ ಸಾರಾಯಿ ಸಿಗುತ್ತದೆ. ಕದ್ದು ಕಾಯಿಸಿ ಅಗ್ಗಕ್ಕೆ ಮಾರುವವನು ಏಕೆ ಬಿಟ್ಟುಕೊಟ್ಟಾನು? ಎಷ್ಟೋ ಕಡೆ ಆ ಮೊದಲ ಧಾರೆಯೇ ‘ಖಡಕ್’ ಎಂದು ಹೆಚ್ಚು ಬೆಲೆಗೆ ಹೋಗುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಲೇಬೇಕು, ಏಕೆಂದರೆ ಅದು ಜೀವದ ಪ್ರಶ್ನೆ. ಜನರನ್ನು ಕೊಲ್ಲುವ ಮೆಥನಾಲ್ ಈ ಮೊದಲ ಧಾರೆಯಿಂದಲೇ ಬರುತ್ತದೆ ಎಂಬ ನಂಬಿಕೆಯಿದೆ. ಆದರೆ ಬೆಲ್ಲದ ಕೊಳೆಯಲ್ಲಿ ಅದು ಹುಟ್ಟುವುದು ತೀರಾ ಕಡಿಮೆ. ಅದು ಮುಖ್ಯವಾಗಿ ಹಣ್ಣುಗಳ ಪೆಕ್ಟಿನ್‌ನಿಂದ ಬರುವಂಥದು. ಸಾಲು ಸಾಲಾಗಿ ಜನ ಸಾಯುವುದು ಕೈಗಾರಿಕೆಯ ಮೆಥನಾಲನ್ನು ಕದ್ದು ತಂದು ಬೆರೆಸಿದಾಗ. ದೇಹದೊಳಗೆ ಅದು ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಸುಡುತ್ತದೆ. ಬೆಂಕಿ ಹಚ್ಚಿ ನೀಲಿ ಜ್ವಾಲೆ ಬಂದರೆ ‘ಅಸಲಿ ಮಾಲು’ ಎನ್ನುವ ಪರೀಕ್ಷೆ ಇದನ್ನು ಕಂಡುಹಿಡಿಯಲಾರದು, ಮೆಥನಾಲ್ ಕೂಡ ನೀಲಿಯಾಗಿಯೇ ಉರಿಯುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಒಂದು ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಕೃಷ್ಣಗಿರಿಯಲ್ಲಿ ನೂರಕ್ಕೂ ಹೆಚ್ಚು ಜೀವಗಳು ಹೋದವು. ಸತ್ತವರಲ್ಲಿ ಹೆಚ್ಚಿನವರು ಕೂಲಿಕಾರರು.

ನಿಷೇಧಕ್ಕೆ ಮುನ್ನ ಗಡಂಗುಗಳಲ್ಲಿ ಸಿಗುತ್ತಿದ್ದ ಪ್ಯಾಕೆಟ್ ಸಾರಾಯಿಗೂ ಈ ಕಸುಬಿಗೂ ಸಂಬಂಧವಿರಲಿಲ್ಲ. ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ತೆಗೆದ ಸ್ಪಿರಿಟ್ಟಿಗೆ ನೀರು ಬೆರೆಸಿ ಪ್ಲಾಸ್ಟಿಕ್ಕಿನಲ್ಲಿ ತುಂಬಿದ ಮಾಲು ಅದು. ಹರಾಜು ಹಿಡಿದ ಗುತ್ತಿಗೆದಾರರು ಶ್ರೀಮಂತರಾದರು, ಖಜಾನೆ ತುಂಬಿತು, ಊರಿನ ವಿದ್ಯೆಯಾಗಲಿ, ಊರಿನ ಬೆಲ್ಲವಾಗಲಿ ಅದರಲ್ಲಿ ಏನೂ ಉಳಿಯಲಿಲ್ಲ.

ಕೋಟೆನಾಡು ಚಿತ್ರದುರ್ಗಕ್ಕೆ ಈ ವಿಷಯದಲ್ಲಿ ತನ್ನದೇ ನೆನಪಿದೆ. ಇಲ್ಲಿನ ಮ್ಯಾಸಬೇಡರ ಹಳೆಯ ಕಟ್ಟಳೆಯಲ್ಲಿ ಈಚಲು ಮರವೇ ವರ್ಜ್ಯ. ಅದರ ಹೆಂಡ ಕುಡಿಯುವುದಿರಲಿ, ಈಚಲು ಚಾಪೆಯ ಮೇಲೆ ಕೂರುವುದೂ ನಿಷಿದ್ಧ. 1939ರಲ್ಲಿ ಚಿತ್ರದುರ್ಗ ತಾಲ್ಲೂಕಿನ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಕೊಡಲಿ ಹಿಡಿದು ಈಚಲು ಮರಗಳನ್ನು ಕಡಿದರು. ಹೆಂಡದ ವರಮಾನಕ್ಕೆ ಪೆಟ್ಟು ಕೊಡುವುದೆಂದರೆ ಆಗ ಸರ್ಕಾರಕ್ಕೇ ಪೆಟ್ಟು ಕೊಟ್ಟಂತೆ. ಮುಂದಾಳತ್ವ ವಹಿಸಿದ್ದ ಚಿತ್ರದುರ್ಗದ ವಕೀಲ ಎಸ್. ನಿಜಲಿಂಗಪ್ಪ ಜೈಲು ಸೇರಿದರು, ವಕೀಲಿಕೆಯ ಸನ್ನದನ್ನೂ ಕಳೆದುಕೊಂಡರು. ಅದೇ ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗಲೇ, 1967ರಲ್ಲಿ, ರಾಜ್ಯದ ಪಾನನಿರೋಧ ಸಡಿಲವಾಯಿತು. ಅವರ ಪ್ರಾಮಾಣಿಕತೆಯನ್ನು ನಾನು ಶಂಕಿಸುವುದಿಲ್ಲ. ಮದ್ಯದ ಹಣ ರಾಜ್ಯಗಳನ್ನು ಎಷ್ಟು ಬಿಗಿಯಾಗಿ ಕಟ್ಟಿಹಾಕಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧಿಸಿ ಎಂದು ಬೆಂಗಳೂರಿಗೆ ನಡೆದುಕೊಂಡು ಹೋದದ್ದೂ ಚಿತ್ರದುರ್ಗದಿಂದಲೇ. ಸುಮಾರು 200 ಕಿಲೋಮೀಟರ್. ರಾಯಚೂರು ಮುಂತಾದ ಉತ್ತರದ ಜಿಲ್ಲೆಗಳಿಂದ ಬಂದ ಕೂಲಿ ಹೆಂಗಸರು ಹಿರಿಯೂರು, ಶಿರಾ, ತುಮಕೂರಿನ ಹೆದ್ದಾರಿಯಲ್ಲಿ ಚಳಿಗೆ ಮಲಗಿ ಎದ್ದು ಹೋದರು. ಕ್ರಾಫ್ಟ್ ಮದ್ಯದ ಬಗ್ಗೆ ಯಾರು ಏನು ಬರೆದರೂ ಆ ಹೆಂಗಸರನ್ನು ಎದುರಿಗೆ ಕೂರಿಸಿಕೊಂಡೇ ಬರೆಯಬೇಕು ಎಂದು ನನಗನ್ನಿಸುತ್ತದೆ. ಅವರ ಮನೆಗೆ ಬರುವುದು ಕಳ್ಳಭಟ್ಟಿಯೋ, ಕಿರಾಣಿ ಅಂಗಡಿಯಲ್ಲಿ ಮರೆಯಾಗಿ ಮಾರುವ ಸೀಲಿನ ಬಾಟಲಿಯೋ, ದಿನದ ಕೂಲಿ ಹೋಗುವುದು ಒಂದೇ ರೀತಿ.

ಹಾಗೆಂದು ಕಸುಬನ್ನು ಪೊದೆಯಲ್ಲೇ ಬಿಟ್ಟರೆ ಅದು ಸಾಯುವುದಿಲ್ಲ, ವಿಷವಾಗುತ್ತದೆ. 2024ರಲ್ಲಿ ನಂಜನಗೂಡಿನ ಪುಟ್ಟ ಡಿಸ್ಟಿಲರಿಯೊಂದು ‘ಹುಲಿ’ ಎಂಬ ಹೆಸರಿನಲ್ಲಿ ಬೆಲ್ಲದ ಮದ್ಯವನ್ನು ಕಾನೂನುಬದ್ಧವಾಗಿ ಮಾರುಕಟ್ಟೆಗೆ ತಂದಿತು. ಹಳ್ಳಿಯ ಬೆಲ್ಲದ ಸಾರಾಯಿಗೆ ಕರ್ನಾಟಕದಲ್ಲಿ ಲೇಬಲ್ಲು, ತೆರಿಗೆ, ಪ್ರಯೋಗಾಲಯದ ಪರೀಕ್ಷೆ ಎಲ್ಲವೂ ಸಾಧ್ಯ ಎಂದು ಅದು ತೋರಿಸಿತು. ನಮ್ಮ ಜಿಲ್ಲೆಯಲ್ಲಿ ಕಚ್ಚಾವಸ್ತುವಿಗೆ ಕೊರತೆಯಿಲ್ಲ. ಹೊಳಲ್ಕೆರೆಯ ಮೆಕ್ಕೆಜೋಳ ಟೆನೆಸೀಯ ಜೋಳದ ಒಡಹುಟ್ಟು, ಆದರೆ ಇಂದು ಹೋಗುವುದು ಕೋಳಿ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗೆ. ಹೊಸದುರ್ಗದಲ್ಲಿ ಸಾವೆ ಇದೆ, ತೆಂಗು ಇದೆ. ವಾಣಿವಿಲಾಸ ಸಾಗರದ ನೀರು ಕುಡಿದ ಹಿರಿಯೂರಿನ ಕಬ್ಬಿಗೆ ಒಂದು ಕಾಲದಲ್ಲಿ ಊರಲ್ಲೇ ಸಹಕಾರಿ ಸಕ್ಕರೆ ಕಾರ್ಖಾನೆಯಿತ್ತು, ಅದು ಮುಚ್ಚಿದ್ದು ರೈತರಿಗೆ ಇನ್ನೂ ಮಾಯದ ಗಾಯ.

ಸಾವೆಯನ್ನು ಮದ್ಯಕ್ಕೆ ಕೊಡುವುದು ನನಗೆ ಒಪ್ಪಿಗೆಯಿಲ್ಲ, ಅದು ಬಡವರ ಅನ್ನ. ಬೆಲ್ಲ, ಮೆಕ್ಕೆಜೋಳದ ಸಣ್ಣ ಡಿಸ್ಟಿಲರಿ ಬರಲಿ, ಆದರೆ ಮೊದಲು ಗ್ರಾಮಸಭೆಯ ಹೆಣ್ಣುಮಕ್ಕಳಿಗೆ ಬೇಡ ಎನ್ನುವ ಹಕ್ಕು ಸಿಗಲಿ. ಆ ಹಕ್ಕು ಡಿಸ್ಟಿಲರಿಗೂ ಅನ್ವಯಿಸಲಿ, ಪಕ್ಕದ ಬಾರಿಗೂ ಅನ್ವಯಿಸಲಿ. ಮಹಾರಾಷ್ಟ್ರದಲ್ಲಿ ಅಂಥ ನಿಯಮವಿದೆ. ಊರಿನ ಮಹಿಳಾ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ವಿರೋಧಿಸಿ ಮತ ಹಾಕಿದರೆ ಮದ್ಯದಂಗಡಿ ಮುಚ್ಚಬೇಕು. ಓದಲು ಬಾರದವರಿಗೂ ತಿಳಿಯಲೆಂದು ಮತಪತ್ರದಲ್ಲಿ ಎರಡೇ ಚಿತ್ರ: ನಿಂತ ಬಾಟಲಿ, ಅಡ್ಡ ಮಲಗಿದ ಬಾಟಲಿ. ಆ ಮತಪತ್ರ ಕರ್ನಾಟಕದ ಅಬಕಾರಿ ಕಾಯಿದೆಗೂ ಬರಬೇಕು, ಡಿಸ್ಟಿಲರಿಯ ಪರವಾನಗಿ ಅರ್ಜಿಗೆ ಸಹಿ ಬೀಳುವುದಕ್ಕೂ ಮೊದಲು.