ಮರಿಗಳ ಆಟ ಏಕೆ ಇಷ್ಟು ಇಷ್ಟ?

ಟಿ.ವಿ.ಯಲ್ಲಿ ಸಿಂಹದ ಮರಿಯೊಂದು ತಾಯಿಯ ಬಾಲ ಹಿಡಿಯಲು ಹಾರಿ ಮುಗ್ಗರಿಸಿ ಬಿದ್ದರೆ, ವಾರ್ತೆಗಾಗಿ ಕಾದು ಕುಳಿತ ಹಿರಿಯರೂ ಚಾನೆಲ್ ಬದಲಿಸುವುದನ್ನು ಮರೆಯುತ್ತಾರೆ. ರಾಯಚೂರಿನಿಂದ ಮಂತ್ರಾಲಯಕ್ಕೆ ಹೋಗುವ ದಾರಿಯಲ್ಲಿ ಸಿಗುವ ಯರಗೇರಾದಂಥ ಊರಿನಲ್ಲಿ ಈ ಆಸೆ ಸೋಜಿಗವೆನಿಸಬಹುದು. ಆಡಿನ ಮರಿಗಳ ಜಿಗಿತಕ್ಕಾಗಲಿ, ಕರುಗಳ ಚೆಲ್ಲಾಟಕ್ಕಾಗಲಿ ಈ ಸೀಮೆಯಲ್ಲಿ ಬರವಿಲ್ಲ. ಅಂಗಳದಲ್ಲಿ ಪುಕ್ಕಟೆಯಾಗಿ ಸಿಗುವ ನೋಟವನ್ನು ಪೆಟ್ಟಿಗೆಯಲ್ಲೂ ನೋಡಬೇಕೆನಿಸುವುದೇಕೆ?

ಈ ಪ್ರಶ್ನೆಗೆ ಒಂದು ಉತ್ತರವನ್ನು ಆಸ್ಟ್ರಿಯಾದ ವಿಜ್ಞಾನಿ ಕೊನ್ರಾಡ್ ಲೊರೆನ್ಸ್ 1943ರಲ್ಲೇ ಸೂಚಿಸಿದ್ದರು. ದೊಡ್ಡ ತಲೆ, ಉಬ್ಬಿದ ಹಣೆ, ಅಗಲ ಕಣ್ಣು, ದುಂಡು ಕೆನ್ನೆ, ಗಿಡ್ಡ ಕೈಕಾಲು, ತಡವರಿಸುವ ನಡಿಗೆ: ಇವು ಕಂಡೊಡನೆ ಮನುಷ್ಯನಲ್ಲಿ ಸಲಹುವ ಬಯಕೆ ತಾನಾಗಿ ಏಳುತ್ತದೆ ಎಂದರು ಅವರು. ಮನುಷ್ಯನ ಕೂಸು ವರ್ಷಗಟ್ಟಲೆ ಪರಾವಲಂಬಿ. ಅದನ್ನು ಕಂಡು ಕರಗದ ಕುಲ ಉಳಿಯುವುದು ಕಷ್ಟ. ನಮ್ಮ ಕೂಸಿಗೆಂದು ಮೂಡಿದ ಆ ಕರಗುವಿಕೆ ನಾಯಿಮರಿಗೂ ಹುಲಿಮರಿಗೂ ಹರಿಯುತ್ತದೆ. ಜಪಾನಿನ ಹಿರೋಶಿಮಾ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ನಾಯಿ ಬೆಕ್ಕುಗಳ ಮರಿಗಳ ಚಿತ್ರ ನೋಡಿದ ವಿದ್ಯಾರ್ಥಿಗಳು ಚಿಮಟದಿಂದ ಚಿಕ್ಕ ವಸ್ತುಗಳನ್ನು ಎತ್ತುವ ಕೆಲಸವನ್ನು ಮೊದಲಿಗಿಂತ ಹೆಚ್ಚು ಜೋಪಾನವಾಗಿ ಮಾಡಿದರು.

ರೂಪದಷ್ಟೇ ಆಟಕ್ಕೂ ಸೆಳೆತವಿದೆ. ನಾಯಿಮರಿ ಮುಂಗಾಲು ಚಾಚಿ ಎದೆ ತಗ್ಗಿಸಿದರೆ ‘ಇದು ಜಗಳವಲ್ಲ, ಆಟ’ ಎಂದರ್ಥ. ಬಲಶಾಲಿಯೂ ಆಟದಲ್ಲಿ ಬೇಕೆಂದೇ ಸೋತು ಅಂಗಾತ ಬೀಳುವುದುಂಟು. ಆಡಿನ ಮರಿಯ ಅಡ್ಡಜಿಗಿತದಲ್ಲಿ ಮೈ ಹದಗೊಳ್ಳುತ್ತದೆ, ಬಿದ್ದು ಏಳುವ ಅಭ್ಯಾಸವಾಗುತ್ತದೆ. ಹಸಿವೆಯೂ ಭಯವೂ ಇರುವಲ್ಲಿ ಆಟ ಕಡಿಮೆ. ಮರಿಗಳು ಆಡುತ್ತಿವೆಯೆಂದರೆ ಅಲ್ಲಿ ಎಲ್ಲವೂ ಕ್ಷೇಮ. ನೋಡುವವನ ಮನಸ್ಸೂ ಹಗುರಾಗುವುದು ಸಹಜವೇ.

ರಾಯಚೂರು ಸೀಮೆಗೆ ಟಿ.ವಿ. ಹೊಸದೇನಲ್ಲ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಅದಕ್ಕೂ ಮೊದಲು, 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ಉಪಗ್ರಹ ಶಿಕ್ಷಣ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆಯ್ದುಕೊಂಡದ್ದು ವಿಜಾಪುರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳನ್ನು. ಬೆಳಿಗ್ಗೆ ಶಾಲಾಮಕ್ಕಳಿಗೆ, ಸಂಜೆ ಊರವರಿಗೆ ಕಾರ್ಯಕ್ರಮಗಳಿದ್ದವು. 1995ರಲ್ಲಿ ಡಿಸ್ಕವರಿ ಚಾನೆಲ್ ಭಾರತಕ್ಕೆ ಬಂದ ಮೇಲೆ ಆಫ್ರಿಕದ ಬಯಲೂ ನಡುಮನೆಗೆ ಬಂದಿತು.

ಆದರೆ ಪೆಟ್ಟಿಗೆಯ ಮರಿ ಬೇರೆ, ಹಟ್ಟಿಯ ಮರಿ ಬೇರೆ. ಹಟ್ಟಿಯ ಮರಿಗೆ ಹಾಲು, ಮೇವು, ಔಷಧ ನೋಡಬೇಕು. ಅದು ಬೆಳೆದು ಒಂದು ದಿನ ಸಂತೆಗೆ ಹೋಗುತ್ತದೆ. ಪೆಟ್ಟಿಗೆಯ ಮರಿಗೆ ಈ ತಾಪತ್ರಯವಿಲ್ಲ. ತಿಂಗಳುಗಟ್ಟಲೆ ಕಾದು ಹಿಡಿದ ದೃಶ್ಯ ಕೆಲವೇ ನಿಮಿಷಗಳಿಗೆ ಇಳಿದು, ಸಂಗೀತವನ್ನೂ ಕೂಡಿಸಿಕೊಂಡು ಬರುತ್ತದೆ. ಅಲ್ಲಿ ತೋಳದ ಮರಿ ಯಾವಾಗಲೂ ಮರಿಯೇ. ಕುರಿಗಾಹಿಗೆ ಮಾತ್ರ ಅದು ನಾಳೆ ಹಿಂಡಿಗೆ ನುಗ್ಗುವ ತೋಳ. ನೋಡುಗನಿಗೆ ಪ್ರೀತಿ ಸುಲಭ, ಅದರ ಬೆಲೆ ತೆರುವವನು ಕುರಿಗಾಹಿ.

ಹಾಗೆಂದು ಈ ನೋಟ ವ್ಯರ್ಥವೆನ್ನಲಾಗದು. ಬ್ರಿಟಿಷರ ಕಾಲದಲ್ಲಿ ಸೀಳುನಾಯಿಯನ್ನು ಕೊಂದವರಿಗೆ ಬಹುಮಾನ ಸಿಗುತ್ತಿತ್ತು. ಅದೇ ಪ್ರಾಣಿಯ ಕುಟುಂಬ ಜೀವನವನ್ನು ಕೃಪಾಕರ–ಸೇನಾನಿ ವರ್ಷಗಟ್ಟಲೆ ಚಿತ್ರೀಕರಿಸಿದರು. ಅವರ ‘ದಿ ಪ್ಯಾಕ್’ ಸರಣಿಗೆ 2010ರಲ್ಲಿ ‘ಗ್ರೀನ್ ಆಸ್ಕರ್’ ಎಂದೇ ಹೆಸರಾದ ಪ್ರಶಸ್ತಿ ಬಂದಿತು. ಇಲ್ಲಿ ಮರಿಯ ಜತೆಗೆ ಅದನ್ನು ಸಾಕುವ ದೊಡ್ಡ ಪ್ರಾಣಿಯೂ ನೋಡುಗನಿಗೆ ಪರಿಚಯವಾಗುತ್ತದೆ.

ಯರಗೇರಾದ ದಕ್ಷಿಣಕ್ಕೆ ಹರಿಯುವ ತುಂಗಭದ್ರೆಯನ್ನೇ ನೋಡಿ. ಅದರ ಮೇಲ್ಭಾಗದಲ್ಲಿ, ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ನದಿಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ನೀರುನಾಯಿಯ ಮರಿಗೆ ಹುಟ್ಟುತ್ತಲೇ ಈಜು ಬಾರದು. ಹಿರಿಯರ ಜತೆ ನೀರಿಗಿಳಿದು, ಆಡುತ್ತಲೇ ಕಲಿಯಬೇಕು. ಪರದೆಯ ಮೇಲೆ ಎಲ್ಲರೂ ಮೆಚ್ಚುವ ನೋಟವದು. ಬಲೆ ಹರಿದು ಮೀನು ಕಳೆದುಕೊಂಡ ಮೀನುಗಾರನಿಗೆ ಮೆಚ್ಚುವುದು ಅಷ್ಟು ಸುಲಭವಲ್ಲ. ಮರಿಯ ಆಟ ಕಂಡು ಕರಗಿದ ಮನಸ್ಸು ಆ ಮೀನುಗಾರನ ನಷ್ಟವನ್ನೂ ನೆನೆದರೆ, ನದಿಯಲ್ಲಿ ಆ ಆಟ ಮುಂದೆಯೂ ನಡೆದೀತು.