ನೆರೆಮನೆಯ ನಾಯಿ ಅಂಗಳ ದಾಟಿದಾಗ

ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ ನಾಯಿ ಶೋಕಿಗಾಗಿ ಸಾಕುವ ಪ್ರಾಣಿಯಲ್ಲ. ಮಳೆಯನ್ನು ನೆಚ್ಚಲಾಗದ ಈ ಸೀಮೆಯಲ್ಲಿ ಕುರಿಯೇ ಎಷ್ಟೋ ಮನೆಗಳ ಬದುಕು. ಮಾಡಗ್ಯಾಳ ಊರಿನ ಹೆಸರು ಹೊತ್ತ ಕುರಿ ತಳಿ ಇಲ್ಲಿಯದೇ. ಉಮದಿ, ಸಂಖ, ಬಿಳೂರ ಸುತ್ತಿನ ಕನ್ನಡ ಹಳ್ಳಿಗಳಲ್ಲಿ ಅನೇಕರ ವಾಸ ಊರೊಳಗಲ್ಲ, ಹೊಲದ ವಸ್ತಿಯಲ್ಲಿ. ಅಲ್ಲಿ ಕುರಿಹಟ್ಟಿ ಕಾಯಲು, ರಾತ್ರಿ ಕಳ್ಳಕಾಕರನ್ನು ತಡೆಯಲು ನಾಯಿ ಬೇಕೇ ಬೇಕು. ಆದರೆ ವಸ್ತಿಗೆ ಕಂಪೌಂಡ್ ಇರುವುದು ಅಪರೂಪ. ಜಾಲಿಮುಳ್ಳಿನ ಬೇಲಿಯೋ ಹೊಲದ ಒಡ್ಡೋ ಗಡಿ. ಹಟ್ಟಿ ಕಾಯುವ ಅದೇ ನಾಯಿ ಬೇಲಿ ನುಸುಳಿ, ಶಾಲೆಗೆ ಹೊರಟ ಮಗುವಿನ ಮೇಲೋ ಡೇರಿಗೆ ಹಾಲು ಹಾಕಲು ಹೊರಟವರ ಮೇಲೋ ಎರಗಿದಾಗ ನೆರೆಹೊರೆ ಕೆಡುತ್ತದೆ. ಅದು ಮತ್ತಷ್ಟು ಕೆಡುವುದು ತಪ್ಪು ತಿಳಿವಳಿಕೆಗಳಿಂದ. ಅವುಗಳಲ್ಲಿ ಆಳವಾಗಿ ಬೇರೂರಿರುವುದು, ನಾಯಿ ಕಚ್ಚುವವರೆಗೂ ಯಾರೂ ಏನೂ ಮಾಡುವಂತಿಲ್ಲ ಎಂಬ ನಂಬಿಕೆ.

ಇದು ಸುಳ್ಳು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮು ಕಚ್ಚಿದ ಗಾಯವನ್ನು ಕೇಳುವುದೇ ಇಲ್ಲ. ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯವೋ ತೀವ್ರ ಗಾಯವೋ ಆಗುವ ಸಂಭವವಿದ್ದರೆ, ಅದನ್ನು ತಡೆಯುವಷ್ಟು ಎಚ್ಚರಿಕೆ ವಹಿಸದಿರುವುದೇ ಅಪರಾಧ. ಶಿಕ್ಷೆ ಆರು ತಿಂಗಳವರೆಗೆ ಸೆರೆ, ಇಲ್ಲವೆ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಹಳೆಯ ದಂಡಸಂಹಿತೆಯ 289ನೇ ಕಲಮಿನಲ್ಲಿ ಇದೇ ತಪ್ಪಿಗೆ ದಂಡದ ಮಿತಿ 1,000 ರೂಪಾಯಿ ಇತ್ತು. ಒಂದೇ ನಾಯಿ ಮತ್ತೆ ಮತ್ತೆ ತಪ್ಪಿಸಿಕೊಂಡು ಜನರ ಮೇಲೆ ಏರಿಹೋಗುತ್ತಿದ್ದರೆ, ಯಾರಿಗೂ ಹಲ್ಲು ತಾಗದಿದ್ದರೂ ದೂರಿಗೆ ಆಧಾರವಿದೆ. ಮಹಾರಾಷ್ಟ್ರ ಪೊಲೀಸ್ ಕಾಯ್ದೆ, 1951 ಕೂಡ ಕ್ರೂರ ಸ್ವಭಾವದ ನಾಯಿಯನ್ನು ಬಾಯಿಗೆ ಕುಕ್ಕೆ ಕಟ್ಟದೆ ಬೀದಿಗೆ ಬಿಡಬಾರದೆನ್ನುತ್ತದೆ.

ಮನೆಯ ಮುಂದೆ ‘ನಾಯಿ ಇದೆ, ಎಚ್ಚರಿಕೆ’ ಎಂಬ ಫಲಕ ತೂಗುಹಾಕಿದರೆ ತನ್ನ ಹೊಣೆ ತೀರಿತು ಎಂದು ಮಾಲೀಕ ಭಾವಿಸುವುದೂ ಉಂಟು. ಆ ಫಲಕದ ಮಾತು ಅಂಗಳದೊಳಗೆ ಬರುವವರಿಗೆ ಮಾತ್ರ. ನಾಯಿ ಬೀದಿಗೆ ಬಂದರೆ ಅದು ಮಾಲೀಕನನ್ನು ಕಾಪಾಡುವುದಿಲ್ಲ. ನಾಯಿ ಅಪಾಯಕಾರಿ ಎಂಬುದು ಅವನಿಗೆ ಮೊದಲೇ ಗೊತ್ತಿತ್ತು ಎಂಬುದಕ್ಕೆ ಅದೇ ಸಾಕ್ಷಿಯಾಗಬಹುದು.

ಗಡಿಭಾಗದ ಕನ್ನಡಿಗರಲ್ಲಿ ಇನ್ನೊಂದು ಹಿಂಜರಿಕೆ ಇದೆ: ಠಾಣೆಗೆ ಹೋದರೆ ಮರಾಠಿಯಲ್ಲಿ ಅರ್ಜಿ ಬರೆದುಕೊಡಬೇಕು, ಅದು ತಮ್ಮಿಂದಾಗದು ಎಂದು. ಮಾಹಿತಿಯನ್ನು ಬಾಯಿಮಾತಿನಲ್ಲೇ ಕೊಡಬಹುದು. ಠಾಣಾಧಿಕಾರಿ ಅದನ್ನು ಬರೆದುಕೊಂಡು, ಹೇಳಿದವರಿಗೆ ಓದಿ ತಿಳಿಸಿ, ಸಹಿ ಪಡೆದು, ಪ್ರತಿಯನ್ನು ಉಚಿತವಾಗಿ ಕೊಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ವಿಧಿಸುತ್ತದೆ. ಠಾಣೆಯವರು ದಾಖಲಿಸಿಕೊಳ್ಳದಿದ್ದರೆ ಅದೇ ಮಾಹಿತಿಯನ್ನು ಅಂಚೆಯ ಮೂಲಕ ಜಿಲ್ಲಾ ಪೊಲೀಸ್ ವರಿಷ್ಠರಿಗೆ ಕಳಿಸಬಹುದು. ಅದೇ ಸಂಹಿತೆಯ 152ನೇ ಕಲಮಿನಡಿ ಉಪವಿಭಾಗದ ದಂಡಾಧಿಕಾರಿ ಅಪಾಯಕಾರಿ ಪ್ರಾಣಿಯನ್ನು ಕಟ್ಟಿಹಾಕಿಡಲು ಮಾಲೀಕನಿಗೆ ಆದೇಶಿಸಬಲ್ಲರು. ನೆರೆಯವರ ನಾಯಿಯ ವಿಷಯದಲ್ಲಿ ಅತ್ಯಂತ ಉಪಯುಕ್ತವಾದ, ಆದರೆ ಹಳ್ಳಿಗಳಲ್ಲಿ ಬಹಳ ಕಡಿಮೆ ಜನರಿಗೆ ತಿಳಿದಿರುವ ದಾರಿ ಇದು.

ಆದರೂ ಎಲ್ಲ ಪ್ರಕರಣವೂ ಠಾಣೆಯಿಂದಲೇ ಆರಂಭವಾಗಬೇಕಿಲ್ಲ. ಮಹಾರಾಷ್ಟ್ರದ ಹಳ್ಳಿಗಳಲ್ಲಿ ಪೊಲೀಸ್ ಪಾಟೀಲರಿದ್ದಾರೆ. 2007ರಲ್ಲಿ ಆರಂಭವಾದ ತಂಟಾಮುಕ್ತ ಗಾಂವ ಅಭಿಯಾನದ ಸಮಿತಿಗಳು ಇಂಥ ಸಣ್ಣ ವ್ಯಾಜ್ಯಗಳನ್ನು ಊರಲ್ಲೇ ಬಗೆಹರಿಸಲೆಂದೇ ಹುಟ್ಟಿದವು. ಸಮಿತಿಯ ಮುಂದೆ ಮಾತು ಮುರಿಯದಿರಬೇಕಾದರೆ ಒಪ್ಪಂದ ಕಾಗದದ ಮೇಲೆ ಬರಬೇಕು: ಬೇಲಿಯ ಯಾವ ಕಿಂಡಿ ಮುಚ್ಚುವುದು, ಬಾಗಿಲಿಗೆ ಎಂಥ ಚಿಲಕ, ನಾಯಿಗೆ ಲಸಿಕೆ ಎಂದು, ಮಕ್ಕಳು ಶಾಲೆಗೆ ಹೋಗಿಬರುವ ಹೊತ್ತಿನಲ್ಲಿ ನಾಯಿ ಎಲ್ಲಿರಬೇಕು. ನಾಯಿ ತಪ್ಪಿಸಿಕೊಂಡ ದಿನಾಂಕ, ಹೊತ್ತು, ಕಂಡವರ ಹೆಸರು ಬರೆದಿಟ್ಟುಕೊಂಡರೆ, ಮೊಬೈಲಿನಲ್ಲಿ ಒಂದು ಫೋಟೊ ಇದ್ದರೆ, ಮುಂದೆ ಠಾಣೆಗೆ ಹೋದಾಗಲೂ ನೆರವಾಗುತ್ತದೆ.

ನಗರಪರಿಷತ್ತಿಗೆ ಹೇಳಿದರೆ ಗಾಡಿ ಬಂದು ನಾಯಿಯನ್ನು ಹಿಡಿದೊಯ್ಯುತ್ತದೆ ಎಂದು ನಂಬಿದವರಿದ್ದಾರೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಸ್ಥಳೀಯ ಸಂಸ್ಥೆಗಳಿಗೆ ಹೊರಿಸಿರುವುದು ಬೀದಿನಾಯಿಗಳ ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯ ಹೊಣೆಯನ್ನು. ಸಾಕಿದ ನಾಯಿಗೆ ಈ ಎರಡನ್ನೂ ಮಾಡಿಸಬೇಕಾದವನು ಮಾಲೀಕನೇ.

ಇನ್ನು ಅನ್ನದಲ್ಲಿ ವಿಷ ಕಲಸಿಟ್ಟು ಕಾಟ ಕಳೆಯುವ ‘ಉಪಾಯ’. ಪ್ರಾಣಿಯನ್ನು ಕೊಲ್ಲುವುದು, ವಿಷವಿಕ್ಕುವುದು, ಊನಗೊಳಿಸುವುದು ನ್ಯಾಯ ಸಂಹಿತೆಯ 325ನೇ ಕಲಮಿನ ಪ್ರಕಾರ ಐದು ವರ್ಷಗಳವರೆಗೆ ಸೆರೆವಾಸ ತರಬಲ್ಲ ಅಪರಾಧ. ಅಂದರೆ ನಾಯಿಯನ್ನು ಬಿಟ್ಟವನಿಗಿಂತ ವಿಷವಿಟ್ಟವನಿಗೆ ಶಿಕ್ಷೆ ದೊಡ್ಡದು. ಆ ವಿಷದ ಅನ್ನ ಕೋಳಿಗೂ ಕುರಿಗೂ ಅಂಗಳದಲ್ಲಿ ಆಡುವ ಕೂಸಿಗೂ ಸಿಗುತ್ತದೆ. ಇದಕ್ಕಿಂತ ಹೇಡಿತನದ ಪರಿಹಾರ ಇನ್ನೊಂದಿಲ್ಲ.

ನಾಯಿಯ ಸ್ವಭಾವದ ಕುರಿತ ನಂಬಿಕೆಗಳೂ ಅಷ್ಟೇ ಹಾನಿ ಮಾಡುತ್ತವೆ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ನಂಬಿ ಮುಂದೆ ನಡೆದವರು ಕಚ್ಚಿಸಿಕೊಂಡಿದ್ದಾರೆ. ಬೊಗಳುವುದು, ಗುರುಗುಟ್ಟುವುದು, ಹಲ್ಲು ಕಿಸಿಯುವುದು ಎಲ್ಲವೂ ‘ಹತ್ತಿರ ಬರಬೇಡ’ ಎಂಬ ಎಚ್ಚರಿಕೆಯ ಮೆಟ್ಟಿಲುಗಳು. ಕೊನೆಯ ಮೆಟ್ಟಿಲು ಕಡಿತ. ಗುರುಗುಟ್ಟಿದ್ದಕ್ಕೆ ಹೊಡೆತ ತಿಂದ ನಾಯಿ ಎಚ್ಚರಿಸುವುದನ್ನು ಬಿಟ್ಟು ನೇರವಾಗಿ ಕಚ್ಚಲು ಕಲಿಯುತ್ತದೆ. ಬಾಲ ಅಲ್ಲಾಡಿಸಿದರೆ ಸ್ನೇಹ ಎಂಬುದೂ ಅರ್ಧಸತ್ಯ. ಮೈ ಸಡಿಲವಾಗಿ, ಸೊಂಟವೇ ಬಳುಕುವಂತೆ ಬಾಲ ಬೀಸಿದರೆ ಅದು ಸ್ನೇಹ. ಮೈ ಸೆಟೆದು, ಬಾಲ ಮೇಲೆತ್ತಿ ಬಿಗಿಯಾಗಿ ನಡುಗಿಸುತ್ತಿದ್ದರೆ ನಾಯಿ ಕೆರಳಿದೆ ಎಂದರ್ಥ.

ಹಗಲೆಲ್ಲ ಸರಪಳಿಯಲ್ಲಿ ಬಿಗಿದರೆ ರಾತ್ರಿ ಒಳ್ಳೆಯ ಕಾವಲು ಕಾಯುತ್ತದೆ ಎಂಬ ನಂಬಿಕೆ ಎಲ್ಲಕ್ಕಿಂತ ಅಪಾಯದ್ದು. ಕಟ್ಟಿದ ನಾಯಿಗೆ ಓಡಿಹೋಗುವ ದಾರಿ ಇಲ್ಲ. ಹತ್ತಿರ ಸುಳಿದ ಪ್ರತಿಯೊಂದೂ ಅದರ ಕಣ್ಣಿಗೆ ಬೆದರಿಕೆ. ಅಮೆರಿಕದ ಡೆನ್ವರ್‌ನಲ್ಲಿ 1991ರ ಕಡಿತಗಳನ್ನು ಪರಿಶೀಲಿಸಿ 1994ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕಚ್ಚಿದ ನಾಯಿಗಳಲ್ಲಿ ಗಂಡು, ಸಂತಾನಹರಣ ಆಗದವು, ಅಂಗಳದಲ್ಲಿ ಸರಪಳಿ ಹಾಕಿದವು ಹೆಚ್ಚಾಗಿದ್ದವೆಂದು ತೋರಿಸಿತು. ನಮ್ಮ ಕಾನೂನೂ ಇದನ್ನು ಹಿಂದೆಯೇ ಗುರುತಿಸಿದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ತೀರ ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಹೊತ್ತುಗಟ್ಟಲೆ ಬಿಗಿಯುವುದು ಕ್ರೌರ್ಯ. ಸದಾ ಕಟ್ಟಿಹಾಕುವ ನಾಯಿಯನ್ನು ತಿರುಗಾಡಿಸದಿರುವುದೂ ಕ್ರೌರ್ಯ. ಮೊದಲ ತಪ್ಪಿಗೆ ಅದು ಹೇಳುವ ದಂಡ 10ರಿಂದ 50 ರೂಪಾಯಿ. ಇಷ್ಟು ವರ್ಷಗಳ ಬಳಿಕವೂ ಈ ಮೊತ್ತ ಬದಲಾಗದಿರುವುದು ವಿಷಾದದ ಸಂಗತಿ. ಮಾಡಬೇಕಾದ್ದು ಸರಪಳಿ ಬಿಚ್ಚಿ ಬೀದಿಗೆ ಬಿಡುವುದಲ್ಲ. ತಂತಿಬಲೆಯ ಆವರಣ ಕಟ್ಟಿ, ನಾಯಿ ತೋಡದಂತೆ ಅದರ ಬುಡವನ್ನು ಕಲ್ಲಿನಿಂದ ಹೂತು, ದಿನಕ್ಕೆರಡು ಸಲ ಹಗ್ಗ ಹಿಡಿದು ತಿರುಗಾಡಿಸುವುದು.

ನಾಯಿ ತಪ್ಪಿಸಿಕೊಳ್ಳುವುದೇಕೆ ಎಂದು ಕೇಳಿದರೆ ‘ಅದರ ಕೊಬ್ಬು’ ಎಂಬ ಉತ್ತರ ಬರುತ್ತದೆ. ಕಾರಣಗಳು ಸರಳ: ಬೆದೆಗೆ ಬಂದ ಹೆಣ್ಣಿನ ವಾಸನೆ, ಹಸಿವು, ಬೇಸರ, ಪಟಾಕಿಯ ಸದ್ದು. ಸಂತಾನಹರಣ ಮಾಡಿಸಿದರೆ ಗಂಡುನಾಯಿಯ ಅಲೆದಾಟ ಕಡಿಮೆಯಾಗುತ್ತದೆ. ಕಾವಲಿನ ಗುಣ ಹೋಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ತನ್ನ ಮನೆಯನ್ನು ಕಾಯುವುದು ಬೆದೆಯ ಮೇಲೆ ನಿಂತ ಗುಣವಲ್ಲ. ಹಾಗೆಯೇ ಭಯದಿಂದ ಕಚ್ಚುವ ನಾಯಿ ಶಸ್ತ್ರಚಿಕಿತ್ಸೆಯೊಂದರಿಂದಲೇ ಸಾಧುವಾಗುವುದೂ ಇಲ್ಲ. ಹಸಿ ಮಾಂಸ ಹಾಕಿದರೆ ಮನುಷ್ಯರ ರಕ್ತದ ರುಚಿ ಹತ್ತುತ್ತದೆ ಎಂಬುದು ಬರೀ ಕಟ್ಟುಕತೆ.

ತಳಿಯ ಬಗ್ಗೆಯೂ ಮಾತಿದೆ. ಈ ಸೀಮೆಯಲ್ಲಿ ಕಾರವಾನಿ ಎನ್ನುವ, ಬಾಗಲಕೋಟೆ ಜಿಲ್ಲೆಯ ಮುಧೋಳದ ಹೆಸರಿನಿಂದ ಕರ್ನಾಟಕದಲ್ಲಿ ಪ್ರಸಿದ್ಧವಾದ, 2005ರ ಅಂಚೆಚೀಟಿಯಲ್ಲೂ ಕಾಣಿಸಿಕೊಂಡ ಬೇಟೆನಾಯಿ ಹುಟ್ಟಿನಿಂದಲೇ ಮನುಷ್ಯರ ವೈರಿ ಎಂದು ಹಲವರು ತಿಳಿದಿದ್ದಾರೆ. ಅದು ಕಣ್ಣಿನಿಂದ ಬೇಟೆ ಹುಡುಕುವ ಓಟಗಾರ ತಳಿ; ಓಡುವುದನ್ನು ಕಂಡರೆ ಬೆನ್ನಟ್ಟುತ್ತದೆ. ಕುರಿಮರಿ, ಕೋಳಿ, ಸೈಕಲ್, ಓಡುವ ಮಗು ಅದಕ್ಕೆ ಸೆಳೆತ. ಆದ್ದರಿಂದ ಅದಕ್ಕೆ ಎತ್ತರದ ಬೇಲಿ ಬೇಕು, ಕೆಟ್ಟ ಹೆಸರಲ್ಲ. ಕೇಂದ್ರ ಸರಕಾರ 2024ರ ಮಾರ್ಚ್ 12ರಂದು 23 ತಳಿಗಳನ್ನು ಕ್ರೂರವೆಂದು ಪಟ್ಟಿ ಮಾಡಿ ಸುತ್ತೋಲೆ ಹೊರಡಿಸಿದಾಗ ಅದರಲ್ಲಿ ಈ ತಳಿ ಇರಲಿಲ್ಲ. ಆ ಸುತ್ತೋಲೆಯನ್ನೇ ಕರ್ನಾಟಕ ಹೈಕೋರ್ಟು ಏಪ್ರಿಲ್‌ನಲ್ಲಿ ರದ್ದುಪಡಿಸಿತು.

ಎದುರಿಗೆ ನಾಯಿ ಬಂದಾಗ ಓಡಿದರೆ ಪಾರಾಗಬಹುದು ಎಂಬುದು ಮಕ್ಕಳು ಮೊದಲು ಮರೆಯಬೇಕಾದ ಪಾಠ. ಯಾರೂ ನಾಯಿಗಿಂತ ವೇಗವಾಗಿ ಓಡಲಾರರು. ನಿಂತಲ್ಲೇ ನಿಂತು, ಕಣ್ಣಲ್ಲಿ ಕಣ್ಣಿಟ್ಟು ನೋಡದೆ, ಕೂಗದೆ, ಮೆಲ್ಲಗೆ ಹಿಂದೆ ಸರಿಯಬೇಕು. ಚೀಲ, ಛತ್ರಿ, ಟವೆಲು ಏನಿದೆಯೋ ಅದನ್ನು ನಡುವೆ ಹಿಡಿಯಬೇಕು. ಕೆಳಗೆ ಬಿದ್ದರೆ ಮುದುಡಿಕೊಂಡು ಕುತ್ತಿಗೆ, ಕಿವಿಗಳನ್ನು ಕೈಯಿಂದ ಮುಚ್ಚಿಕೊಳ್ಳಬೇಕು. ಬಗ್ಗಿ ಕಲ್ಲು ಎತ್ತುವಂತೆ ನಟಿಸಿದರೆ ಬೀದಿನಾಯಿ ಹಿಂಜರಿಯುವುದು ನಿಜ. ತನ್ನ ಅಂಗಳದ ಎದುರು ನಿಂತ ಸಾಕುನಾಯಿಗೆ ಅದೇ ಬಗ್ಗುವಿಕೆ ದಾಳಿಯಂತೆ ಕಂಡು, ಎರಗಿದರೆ ಮುಖವೇ ಸಿಗುತ್ತದೆ. ಮೋಟಾರ್ ಸೈಕಲ್ ಸವಾರ ವೇಗ ಹೆಚ್ಚಿಸಿದರೆ ನಾಯಿಯೂ ಹೆಚ್ಚಿಸುತ್ತದೆ. ಅಪಾಯ ಹಲ್ಲಿಗಿಂತ ಬೀಳುವುದರಲ್ಲಿದೆ. ಗಾಡಿಯ ವೇಗ ತಗ್ಗಿಸಿದರೆ ಬಹುತೇಕ ನಾಯಿಗಳ ಉತ್ಸಾಹ ಇಳಿಯುತ್ತದೆ.

ಕಚ್ಚಿದ ಮೇಲಿನ ನಂಬಿಕೆಗಳು ಜೀವ ತೆಗೆಯುತ್ತವೆ. ಗಾಯಕ್ಕೆ ಖಾರದ ಪುಡಿ, ಸುಣ್ಣ, ಅರಿಸಿನ, ಎಣ್ಣೆ ಹಚ್ಚಿದರೆ ನಂಜು ಇಳಿಯುತ್ತದೆ ಎಂದು ಹಚ್ಚುತ್ತಾರೆ. ಇವು ಅಂಗಾಂಶವನ್ನು ಕೆರಳಿಸುತ್ತವೆಯೇ ಹೊರತು ವೈರಸ್ಸನ್ನು ಕೊಲ್ಲುವುದಿಲ್ಲ. ಕೊಲ್ಲುವುದು ಸಾಬೂನು ಮತ್ತು ನೀರು. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆಯುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಮೊದಲ ಚಿಕಿತ್ಸೆ ಎನ್ನುತ್ತದೆ. ಬೋರವೆಲ್ಲಿನ ನೀರು, ಬಟ್ಟೆ ಸಾಬೂನು ಸಾಕು. ಇದಕ್ಕೆ ಯಾವ ಆಸ್ಪತ್ರೆಯೂ ಬೇಕಿಲ್ಲ.

ನೆರೆಮನೆಯ ನಾಯಿಗೆ ಲಸಿಕೆ ಆಗಿದೆ, ಅದು ಗೊತ್ತಿರುವ ನಾಯಿ, ಹತ್ತು ದಿನ ನೋಡಿ ಚುಚ್ಚುಮದ್ದು ಹಾಕಿಸಿಕೊಂಡರಾಯಿತು ಎಂಬ ಲೆಕ್ಕಾಚಾರದಲ್ಲಿ ಒಂದು ಸತ್ಯ ತಿರುಚಿಹೋಗಿದೆ. ಹತ್ತು ದಿನ ನಾಯಿಯ ಮೇಲೆ ನಿಗಾ ಇಡುವುದು ಸರಿ. ಆದರೆ ಲಸಿಕೆ ಕಚ್ಚಿದ ದಿನವೇ ಶುರುವಾಗಬೇಕು. ಹತ್ತು ದಿನದ ಬಳಿಕ ನಾಯಿ ಆರೋಗ್ಯವಾಗಿದ್ದರೆ ಉಳಿದ ಡೋಸುಗಳನ್ನು ಕೈಬಿಡಬಹುದೇ ಎಂದು ವೈದ್ಯರು ನಿರ್ಧರಿಸುತ್ತಾರೆ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ಸಾಮಾನ್ಯವಾಗಿ ಎರಡು ಮೂರು ತಿಂಗಳಿಗೆ, ಕೆಲವೊಮ್ಮೆ ಒಂದು ವಾರಕ್ಕೇ ಅದು ಹೊರಬೀಳಬಹುದು. ಕಚ್ಚಿದ ಸಿಟ್ಟಿಗೆ ನಾಯಿಯನ್ನು ಹೊಡೆದು ಸಾಯಿಸಿದರೆ ಆ ಹತ್ತು ದಿನಗಳ ಮಾಹಿತಿಯೇ ಕೈತಪ್ಪುತ್ತದೆ.

ಹೊಕ್ಕಳ ಸುತ್ತ ಹದಿನಾಲ್ಕು ಚುಚ್ಚುಮದ್ದು ಎಂಬ ಭಯ ಇಂದಿಗೂ ಹಿರಿಯರನ್ನು ದವಾಖಾನೆಯಿಂದ ದೂರ ಇಟ್ಟಿದೆ. ಅದು ನರದ ಅಂಗಾಂಶದಿಂದ ತಯಾರಿಸುತ್ತಿದ್ದ ಹಳೆಯ ಸೆಂಪಲ್ ಲಸಿಕೆ. ಭಾರತದಲ್ಲಿ ಅದರ ತಯಾರಿಕೆ 2004ರ ಕೊನೆಗೆ ನಿಂತಿತು. ಈಗ ಚರ್ಮದೊಳಗೆ ಕೊಡುವ ಲಸಿಕೆಯಾದರೆ 0, 3, 7, 28ನೇ ದಿನ. ಸ್ನಾಯುವಿಗಾದರೆ 0, 3, 7, 14, 28ನೇ ದಿನ, ತೋಳಿಗೆ. ಗರ್ಭಿಣಿಯರೂ ಬಾಣಂತಿಯರೂ ಹಾಕಿಸಿಕೊಳ್ಳಬಹುದು. ಚರ್ಮ ಸೀಳಿ ರಕ್ತ ಬಂದಿದ್ದರೆ ಲಸಿಕೆಯೊಂದೇ ಸಾಲದು. ಲಸಿಕೆಯ ರಕ್ಷಣೆ ಹುಟ್ಟಲು ದಿನಗಳು ಬೇಕು. ಆ ನಡುವೆ ವೈರಸ್ಸನ್ನು ತಡೆಯಲು ಗಾಯದೊಳಗೇ ಇಮ್ಯುನೊಗ್ಲೋಬ್ಯುಲಿನ್ ಚುಚ್ಚಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದು ಇಲ್ಲದಿದ್ದರೆ ಅಲ್ಲಿ ಲಸಿಕೆಯ ಮೊದಲ ಡೋಸು ಪಡೆದು ಸಾಂಗಲಿ, ಮಿರಜ ಅಥವಾ ವಿಜಯಪುರದ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಮೊದಲ ಡೋಸಿನಿಂದ ಏಳು ದಿನದೊಳಗೆ ಇದನ್ನು ಕೊಡಬಹುದಾದರೂ ಬೇಗ ಸಿಕ್ಕಷ್ಟೂ ಒಳ್ಳೆಯದು.

ಹುಚ್ಚುನಾಯಿ ನೀರಿಗೆ ಹೆದರುತ್ತದೆ, ನೆರೆಮನೆಯ ನಾಯಿ ನೀರು ಕುಡಿಯುತ್ತಿದೆ, ಆದ್ದರಿಂದ ಅದಕ್ಕೆ ರೋಗವಿಲ್ಲ ಎಂಬ ತರ್ಕವೂ ತಪ್ಪು. ನೀರಿನ ಭಯ ರೋಗ ತಗುಲಿದ ಮನುಷ್ಯರ ಲಕ್ಷಣ. ನಾಯಿಗಳಲ್ಲಿ ಕೆಲವು ಕೆರಳಿ ಕಂಡಕಂಡದ್ದನ್ನು ಕಚ್ಚಿದರೆ, ಇನ್ನು ಕೆಲವು ಸುಮ್ಮನೆ ಮೂಲೆ ಸೇರಿ, ದವಡೆ ಜೋತು, ಜೊಲ್ಲು ಸುರಿಸುತ್ತವೆ. ಗಂಟಲಲ್ಲಿ ಎಲುಬು ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕಿದವರಿಗೆ ಸೋಂಕು ತಗುಲುವುದು ಇಂಥವುಗಳಿಂದಲೇ.

ತಪ್ಪಿಸಿಕೊಂಡ ನಾಯಿ ಕುರಿ, ಎಮ್ಮೆಗಳನ್ನು ಕಚ್ಚಿದಾಗ ಊರವರು ಮನುಷ್ಯರನ್ನಷ್ಟೇ ಲೆಕ್ಕ ಹಿಡಿಯುತ್ತಾರೆ. ಜಾನುವಾರಿಗೂ ಗಾಯ ತೊಳೆಯಬೇಕು, ಪಶು ದವಾಖಾನೆಯಲ್ಲಿ ಕಚ್ಚಿದ ನಂತರದ ಲಸಿಕೆ ಹಾಕಿಸಬೇಕು. ಕಚ್ಚಿಸಿಕೊಂಡ ಎಮ್ಮೆಯ ಹಾಲು ಕುಡಿದವರೆಲ್ಲ ಗಾಬರಿಯಿಂದ ಚುಚ್ಚುಮದ್ದಿಗೆ ಸಾಲು ನಿಲ್ಲುವ ಅಗತ್ಯವಿಲ್ಲ. ಕುದಿಸಿದ ಹಾಲಿನಲ್ಲಿ ವೈರಸ್ ಉಳಿಯದು, ಹಸಿ ಹಾಲು ಮಾತ್ರ ಬೇಡ. ಸತ್ತ ಕುರಿಯನ್ನು ಕೂಡಲೇ ಹೂಳದೆ ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ, ಪಂಚನಾಮೆ ಮಾಡಿಸಿದರೆ ನಾಯಿಯ ಮಾಲೀಕನಿಂದ ಪರಿಹಾರ ಕೇಳಲು ದಾಖಲೆ ಇರುತ್ತದೆ.

ಜತ್ತದ ಅನೇಕ ಕುಟುಂಬಗಳು ಕಬ್ಬು ಕಡಿಯಲು ತಿಂಗಳುಗಟ್ಟಲೆ ಬೇರೆಡೆಗೆ ಹೋಗುತ್ತವೆ. ಊರಲ್ಲಿ ಎರಡು ಡೋಸು ಆಗಿ ಹೊರಟವರು, ಊರು ಬಿಟ್ಟ ಮೇಲೆ ಕೋರ್ಸು ಮುರಿಯಿತು, ಮತ್ತೆ ಮೊದಲಿನಿಂದ ಶುರುಮಾಡಬೇಕು ಎಂದುಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತಾರೆ. ಮತ್ತೆ ಶುರುಮಾಡಬೇಕಿಲ್ಲ. ಲಸಿಕೆಯ ಕಾರ್ಡು ಜೊತೆಗಿದ್ದರೆ ಹೋದ ಊರಿನ ಸರಕಾರಿ ದವಾಖಾನೆಯಲ್ಲಿ, ಅದು ಮಹಾರಾಷ್ಟ್ರದಲ್ಲಿರಲಿ ಕರ್ನಾಟಕದಲ್ಲಿರಲಿ, ಮುಂದಿನ ಡೋಸನ್ನು ಪಡೆಯಬಹುದು.